ಕೈಯೆತ್ತಿ ನಿಂತಿದ್ದ ನೀಲವ್ವನಿಗೆ

ನೀಲವ್ವಾ, ನಿನ್ನನ್ನು ಶಾಲೆ ಬಿಡಿಸಿದವಳು ನಾನು. ಓಣಿಯವರೆಲ್ಲ ನಿಮ್ಮಪ್ಪನ ಹೆಸರು ಹೇಳಿದರು. ನಾನೂ ಹೂಂಗುಟ್ಟುತ್ತಲೇ ಬಂದೆ. ಈಗ ಮುದುಕಿಯಾಗಿದ್ದೇನೆ, ಹೂಂಗುಟ್ಟಿ ಹೂಂಗುಟ್ಟಿ ಸಾಕಾಗಿದೆ.

ನಾನು ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳುವ ಅಕ್ಕಾರಾಗಿ ಬಂದಾಗ ಇನ್ನೂ ಸಂಸ್ಥಾನದ ಕಾಲ. ಬಾವಿಗೆ ಯಾರು ಬರಬಹುದು, ಎಷ್ಟು ವಯಸ್ಸಿಗೆ ಮದುವೆ — ಯಾವ ವಿಷಯ ಎತ್ತಿದರೂ ನೀವು ಜಡೆ ಜಡೆ ಹಿಡಿದು ಜಗಳಾಡುತ್ತಿದ್ದಿರಿ. ಅದಕ್ಕೇ ಶನಿವಾರದ ಚರ್ಚೆಗೆ ಕಟ್ಟುಪಾಡು ಮಾಡಿದೆ. ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನೇ ಹಿಡಿದು ಮಾತಾಡಬೇಕು. ಎದುರಿನವರ ಕಷ್ಟ ಆಗ ತಿಳಿಯುತ್ತದೆ. ಯಾರ ಮಾತಿಗೂ ನಡುವೆ ಬಾಯಿ ಹಾಕಬಾರದು. ಕೈಯೆತ್ತಿ, ನಾನು ಹೆಸರು ಕರೆಯುವವರೆಗೆ ಕಾಯಬೇಕು. ಭಾರಿ ಜಾಣೆ ನಾನೆಂದು ಬೀಗಿದ್ದೆ.

ಶಾಲೆಯ ತಪಾಸಣೆಗೆ ಸಾಹೇಬರು ಬಂದ ದಿನ ಚರ್ಚೆಯ ವಿಷಯ, ನಾಲ್ಕನೆಯ ಇಯತ್ತೆ ಮುಗಿದ ಮೇಲೆ ಹೆಣ್ಣುಮಕ್ಕಳು ಕಲಿಯಬೇಕೋ ಬೇಡವೋ. ಮುಂದೆ ಕಲಿಯಬೇಕೆಂದು ನನ್ನ ಬೆನ್ನು ಬಿದ್ದವಳು ನೀನು. ಆದ್ದರಿಂದ ಬೇಡವೆಂಬ ಪಕ್ಷ ನಿನಗೇ ಕೊಟ್ಟೆ. ನೀನು ಎದ್ದು ಮಾತಾಡಿದೆ — ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವರು ಯಾರು, ಅವ್ವನ ಕೆಮ್ಮು, ತೊಟ್ಟಿಲ ಕೂಸು... ಹುಡುಗಿ ಮನಸ್ಸು ಬಿಚ್ಚಿ ಮಾತಾಡಿದಳು, ಇಂಥ ಶಾಲೆ ಕಂಡಿಲ್ಲ ಎಂದು, ನನ್ನ ಕಟ್ಟುಪಾಡು ಅರಿಯದ ಸಾಹೇಬರು ಶಾಲೆಯ ಪುಸ್ತಕದಲ್ಲಿ ಷರಾ ಬರೆಯಲು ಕುಳಿತರು.

ನಿನ್ನನ್ನು ಕರೆದೊಯ್ಯಲು ಬಂದಿದ್ದ ನಿಮ್ಮಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ಒಳಗೆ ಬಂದು ಕೈಮುಗಿದರು.

"ಅಕ್ಕಾರ, ಮಗಳು ಹೆಂಗಂತಾಳೋ ಹಂಗ ಮಾಡೂಣಂತಿದ್ದೆ. ಈಗ ಆಕಿ ಬಾಯಿಂದನ ಕೇಳಿದ್ನೆಲ್ರಿ. ಇಷ್ಟ ಸಾಕ್ರಿ ಸಾಲಿ."

ನೀನು ಕೈಯೆತ್ತಿ ನಿಂತಿದ್ದೆ. ಅಪ್ಪನ ಮಾತಿಗೆ ಅಡ್ಡ ಬಾರದೆ, ನಾನು ಕಲಿಸಿದಂತೆ, ನನ್ನ ಮುಖವನ್ನೇ ನೋಡುತ್ತ. ಎತ್ತಿದ ಆ ಕೈಯನ್ನು ನಾನು ಕಾಣಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ — ಕಂಡಿದ್ದೆ. ಅದು ನಾನು ಕೊಟ್ಟ ಪಕ್ಷ, ಅವಳ ಮನಸ್ಸಲ್ಲ ಎಂದಿದ್ದರೆ ಸಾಹೇಬರ ಲೇಖನಿ ನಿಲ್ಲುತ್ತಿತ್ತು. ನನಗೆ ಆ ಹೊಗಳಿಕೆ ಬೇಕಿತ್ತು. ನಿನ್ನ ಹೆಸರು ಕರೆಯಲಿಲ್ಲ.

"ಆತ್ರಿ, ಹೋಗಿಬರ್ರಿ" ಎಂದೆ ನಿಮ್ಮಪ್ಪನಿಗೆ.

ಅದು ಅಕ್ಕಾರು ಕೊಟ್ಟ ಪಕ್ಷ, ತನ್ನ ಮಾತಲ್ಲ ಎಂದು ಮನೆಯಲ್ಲಿ ನೀನು ಅತ್ತು ಹೇಳಿದೆಯಂತೆ. ನೆರೆಮನೆಯ ಹುಡುಗಿ ಸೋಮವಾರ ನನಗೆ ತಿಳಿಸಿದಳು. ನಿಮ್ಮಪ್ಪ ನಂಬಲಿಲ್ಲವಂತೆ. "ಹಂಗಿದ್ರ ಅಕ್ಕಾರು ಹೇಳತಿರಲಿಲ್ಲೇನು?" ಎಂದರಂತೆ.

ಎರಡು ಓಣಿ ದಾಟಿದರೆ ನಿಮ್ಮ ಮನೆ. ನಾಳೆ ಹೋದರಾಯಿತು ಎಂದುಕೊಂಡೆ, ಬರುವ ವಾರ ಎಂದುಕೊಂಡೆ... ನೀನು ಮದುವೆಯಾಗಿ ಹೋದೆ. ನಿಮ್ಮಪ್ಪ ತೀರಿಕೊಂಡರು — ಮಗಳು ತಾನೇ ಬೇಡವೆಂದಳೆಂದು ನಂಬಿಕೊಂಡೇ. ಹೇಳಿದ್ದನ್ನು ಕೇಳುವ ಮನುಷ್ಯ ಅವರು. ನಾನು ಹೋಗಿ ಹೇಳಿದ್ದರೆ ಮರುದಿನವೇ ನಿನ್ನನ್ನು ಕಳಿಸುತ್ತಿದ್ದರು. ಅದು ನನಗೆ ಆಗಲೂ ಗೊತ್ತಿತ್ತು, ನೀಲವ್ವಾ.