ಅವ್ವನ ಬುಟ್ಟಿಯೂ ಕಂಪ್ಯೂಟರಿನ ಬಫರೂ

ಮಗಳ ಹೊಸ ಯೂನಿಫಾರಂನ ಪೊಟ್ಟಣ ಬಿಚ್ಚಿದಾಗ ಬಂದ ಗಂಜಿ ಹಾಕಿದ ಬಟ್ಟೆಯ ವಾಸನೆ ನನ್ನನ್ನು ಬೊಮ್ಮನಹಳ್ಳಿಯಲ್ಲಿ ನಾನು ಬೆಳೆದ ಬಾಡಿಗೆ ಕೋಣೆಗೆ ಕರೆದೊಯ್ಯಿತು. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದ ಅವ್ವನ ಸೀರೆಗೂ ಇದೇ ವಾಸನೆ.

ಆಗ ಒಂದು ದಿನ ಶಾಲೆಯ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ ವಿಂಡೋ ಮುಚ್ಚಿಬಿಟ್ಟು, ಬರೆದದ್ದೆಲ್ಲ ಹೋಯಿತೆಂದು ಅತ್ತಿದ್ದೆ. ಪರದೆಯ ಮೇಲೆ ಕಾಣದಿದ್ದರೂ ಬಫರಿನಲ್ಲಿ, ಅಂದರೆ ಕಂಪ್ಯೂಟರಿನ ನೆನಪಿನಲ್ಲಿ, ಹಾಗೇ ಇದೆ ಎಂದು ಮೇಷ್ಟ್ರು ಹೇಳಿದರೂ ಅರ್ಥವಾಗಲಿಲ್ಲ. ಸಂಜೆ ಅವ್ವನಿಗೆ ಹೇಳಿದೆ.

ರೊಟ್ಟಿ ತಟ್ಟುತ್ತಲೇ ಅವ್ವ ಅಂದಳು: "ನನ್ನ ಟೇಬಲ್ ಮ್ಯಾಲೆ ಒಂದ ಕಾಲರ್ ಕಾಣತೈತಿ, ಉಳಿದದ್ದು ಬುಟ್ಟ್ಯಾಗ ಇರತೈತಿ. ಟೇಬಲ್ ಖಾಲಿ ಮಾಡಿದ್ರ ಬುಟ್ಟಿ ಖಾಲಿ ಆಕ್ಕೈತೇನ?"

ಮರುದಿನ ತರಗತಿಯಲ್ಲಿ ಅದನ್ನೇ ಹೇಳಿದೆ: ವಿಂಡೋ ಟೇಬಲ್ ಇದ್ದಂತೆ, ಬಫರ್ ಬುಟ್ಟಿ ಇದ್ದಂತೆ.

"ಯಾರಮ್ಮಾ ಹೇಳ್ಕೊಟ್ಟಿದ್ದು?" ಎಂದರು ಮೇಷ್ಟ್ರು.

ಅವ್ವನ ಕೆಲಸ ಹೇಳಲು ನಾಚುತ್ತಿದ್ದ ನಾನು ಅಂದು ಎದ್ದು ನಿಂತು ಹೇಳಿದೆ: "ನಮ್ಮವ್ವ ಸಾರ್. ಗಾರ್ಮೆಂಟ್ಸಲ್ಲಿ ಟೈಲರ್."

ಈಗ ನಾನೇ ಕಂಪ್ಯೂಟರ್ ಟೀಚರ್. ಬಫರಿನ ಪಾಠದ ದಿನ ಮಾತ್ರ ಅವ್ವನನ್ನು ತರಗತಿಗೆ ಕರೆತಂದು ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಆ ದಿನದ ಪಾಠ ಅವ್ವನದು.