ತಲೆಯ ಮೇಲೆ ಎರಡು ಸಾಲು

ಅಂಗಡಿಗೆ ಬಂದ ಸರಕನ್ನು ತಿರುಗಿಸಿ ಮುರುಗಿಸಿ ನೋಡುವ ಹಾಗೆ ನೋಡಿದರೆ ಆಕೆ ಯಾರೂ ಕೈ ಹಾಕುವ ಮಾಲಲ್ಲ. ಐವತ್ತು ದಾಟಿದ ವಯಸ್ಸು, ಮೂಗಿನ ತುದಿಗೆ ಜಾರಿದ ದಪ್ಪ ಕನ್ನಡಕ, ಗೋಡೆ ಸಿಕ್ಕಲ್ಲಿ ಒರಗಿ ನಿಲ್ಲುವ ಅಭ್ಯಾಸ, ಎದುರಿಗಿದ್ದವರು ಎಷ್ಟು ದೊಡ್ಡವರಾದರೂ ಆಕಳಿಕೆ ತಡೆಯದ ಧೈರ್ಯ. ಚೌಕಾಸಿಗೆ ಬಗ್ಗುವ ಕುತ್ತಿಗೆಯಂತೂ ಅಲ್ಲವೇ ಅಲ್ಲ. ಹೊರಗಿನ ಪ್ಯಾಕಿಂಗ್ ಸುಮಾರು, ಒಳಗಿನ ಮಾಲಿಗೆ ಗ್ಯಾರಂಟಿ ಕೊಡುವವರಿಲ್ಲ. ಮಾಲು ನೋಡಿ ನೋಡಿಯೇ ತಲೆ ನರೆಸಿಕೊಂಡ ನಾನು ಕೂಡ ಮೊದಲ ಸಲ ಕಂಡಾಗ, ಈ ಕಂಪನಿಯವರು ಇದನ್ನು ಯಾಕೆ ದಾಸ್ತಾನಿನಲ್ಲಿ ಇಟ್ಟುಕೊಂಡಿದ್ದಾರೆ ಎಂದು ಮನಸ್ಸಿನಲ್ಲೇ ಕೇಳಿಕೊಂಡಿದ್ದೆ.

ಕಂಪನಿಯೂ ಅಂಥ ದೊಡ್ಡದೇನಲ್ಲ. ಹಳೆಯ ಗೋದಾಮಿನ ಮೇಲೆ ನಾಲ್ಕು ಕೋಣೆ. ಔಷಧಿ ಪೊಟ್ಟಣಗಳಿಗೆ ಅಂಟಿಸುವ ಚೀಟಿ ಮುದ್ರಿಸುವ ಪುಟ್ಟ ಯಂತ್ರಗಳನ್ನು ಅಲ್ಲಿ ಜೋಡಿಸುತ್ತಾರೆ. ಆ ಯಂತ್ರಗಳನ್ನು ಊರಿಗೆಲ್ಲ ಮಾರುವುದು ನನ್ನ ಕಸುಬು. ಅವುಗಳ ಹೊಟ್ಟೆಯೊಳಗಿನ ಅಕ್ಷರಗಳನ್ನು ಮಾಡುವುದು ಆಕೆಯ ಕಸುಬು. ಅಕ್ಷರವೆಂದರೆ ಆ ಯಂತ್ರಕ್ಕೆ ಚೌಕುಳಿ ಕಾಗದದ ಒಂದು ತುಂಡು ಇದ್ದ ಹಾಗೆ: ಹದಿನಾರು ಸಾಲು, ಸಾಲಿನ ತುಂಬ ಪುಟ್ಟ ಪುಟ್ಟ ಖಾನೆ. ಯಾವ ಖಾನೆಯಲ್ಲಿ ಕಪ್ಪು ಚುಕ್ಕಿ ಬೀಳಬೇಕು, ಯಾವುದು ಖಾಲಿ ಉಳಿಯಬೇಕು ಎಂದು ಯಾರಾದರೂ ಕುಳಿತು ತೀರ್ಮಾನ ಮಾಡಬೇಕು. ಹಿಂದೆ ಸ್ವೆಟರ್ ಹೆಣೆಯುವ ಗಿರಣಿಯಲ್ಲಿ ಇಂಥದ್ದೇ ಕಾಗದದ ಮೇಲೆ ಹೂವು, ಜಿಂಕೆ, ನಕ್ಷತ್ರಗಳನ್ನು ಬರೆಯುತ್ತಿದ್ದವಳು ಆಕೆ. ಗಿರಣಿ ಬಾಗಿಲು ಹಾಕಿತು. ಆಕೆ ಜಿಂಕೆ ಬಿಟ್ಟು ಅಕ್ಷರ ಹಿಡಿದಳು. ಅಂದಿನಿಂದ ಎಲ್ಲರ ಬಾಯಲ್ಲೂ ಚುಕ್ಕಿಯಕ್ಕ. ಯಜಮಾನರೊಬ್ಬರು ಮಾತ್ರ "ಏನ್ರೀ" ಎನ್ನುತ್ತಿದ್ದರು.

ಯಂತ್ರಕ್ಕೆ ಗೊತ್ತಿಲ್ಲದ ಅಕ್ಷರ ಬಂದರೆ ಏನು ಮುದ್ರಿಸಬೇಕು ಎಂಬ ಪ್ರಶ್ನೆ ಬಂದಾಗ ಖಾಲಿ ಡಬ್ಬಿಯೊಂದನ್ನು ಬರೆದುಕೊಟ್ಟವಳೂ ಆಕೆಯೇ. ನಾಲ್ಕು ಗೋಡೆ, ಒಳಗೆ ಏನೂ ಇಲ್ಲ. ಇಡೀ ಗುಂಪಿನಲ್ಲಿ ಅಷ್ಟು ನೆಟ್ಟಗಿನ ಗೆರೆ ಬೇರೆ ಯಾವ ಅಕ್ಷರಕ್ಕೂ ಇಲ್ಲ ಎಂದು ಆಕೆಗೆ ಅದರ ಮೇಲೆ ಸಣ್ಣದೊಂದು ಹೆಮ್ಮೆ. ಆ ಹೆಮ್ಮೆ ಇಳಿದದ್ದು ಒಂದು ಸಂಜೆ, ಆಕೆಯ ಮನೆಯ ಅಡುಗೆಕೋಣೆಯಲ್ಲಿ.

ಆಕೆಯ ಗಂಡ ದರ್ಜಿ. ಕೆಳಗಿನ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಹಡಿಯ ಮೇಲೆ ತಗ್ಗು ಮಾಡಿನ ಒಂದು ಕೋಣೆಯಿತ್ತು. ಅದನ್ನು ಗಾರೆ ಕೆಲಸದವನೊಬ್ಬ ಬಾಡಿಗೆಗೆ ಹಿಡಿದಿದ್ದ. ಅವನ ಜೊತೆ ಅವನ ತಾಯಿ. ಹೊಟ್ಟೆಪಾಡಿಗೆ ದೂರದಿಂದ ಬಂದ ಜನ, ಬೇರೆ ಭಾಷೆ, ಬೇರೆ ಲಿಪಿ. ಗಾರೆಯವನು ಆಳೆತ್ತರದ ಆಳು. ಆ ಕೋಣೆಯಲ್ಲಿ ಕತ್ತು ಬಗ್ಗಿಸಿಯೇ ಓಡಾಡುತ್ತಿದ್ದ, ಬೀದಿಗೆ ಬಂದ ಮೇಲೂ ಸ್ವಲ್ಪ ಹೊತ್ತು ಅವನಿಗೆ ಕತ್ತು ಎತ್ತುವುದು ನೆನಪಾಗುತ್ತಿರಲಿಲ್ಲ.

ಆ ಸಂಜೆ ಅವನು ಔಷಧಿ ಪೊಟ್ಟಣ ಹಿಡಿದು ಕೆಳಗೆ ಬಂದ.

"ಅಕ್ಕಾ, ಒಂಚೂರು ನೋಡಿ. ಇದು ನನ್ನ ಮಾತ್ರೆ ಅಲ್ಲ ಅಂತ ಅಮ್ಮ ಹಟ ಹಿಡಿದಿದ್ದಾಳೆ. ನಂದು ಬಿಳಿ, ಇದು ಕೆಂಪು ಅಂತಾಳೆ."

ಚುಕ್ಕಿಯಕ್ಕ ಪೊಟ್ಟಣವನ್ನು ದೀಪಕ್ಕೆ ಹಿಡಿದಳು. ಕೆಳಗಿನ ಸಾಲಿನಲ್ಲಿ ನಮ್ಮ ಅಕ್ಷರದಲ್ಲಿ, ಬೆಳಿಗ್ಗೆ ಒಂದು, ರಾತ್ರಿ ಒಂದು. ಮೇಲಿನ ಸಾಲಿನಲ್ಲಿ ಹೆಸರು ಇರಬೇಕಾದಲ್ಲಿ ಡಬ್ಬಿ, ಡಬ್ಬಿ, ಡಬ್ಬಿ, ಡಬ್ಬಿ.

ಆದದ್ದು ಇಷ್ಟೇ. ಆಸ್ಪತ್ರೆಯ ಕಂಪ್ಯೂಟರು ಹೆಸರನ್ನು ಗುರುತಿನ ಚೀಟಿಯಲ್ಲಿ ಇದ್ದ ಲಿಪಿಯಲ್ಲೇ ಎತ್ತಿ ಕಳಿಸುತ್ತಿತ್ತು. ಯಂತ್ರಕ್ಕೆ ಆ ಲಿಪಿ ಗೊತ್ತಿರಲಿಲ್ಲ. ಔಷಧಿ ಕಿಟಕಿಯಲ್ಲಿ ಡಬ್ಬಿ ಮುದ್ರಿಸಿದ ಪೊಟ್ಟಣಗಳು ರಾಶಿ ಬಿದ್ದಿದ್ದವು. ಅಲ್ಲಿದ್ದವರು ಡಬ್ಬಿ ಲೆಕ್ಕ ಹಾಕಿ, ಮುದುಕಿಯ ಹೆಸರಿನ ಅಕ್ಷರಗಳಿಗೆ ಸರಿಹೊಂದಿದ್ದನ್ನು ಗಾರೆಯವನ ಕೈಗಿಟ್ಟಿದ್ದರು. ಮುದುಕಿಗೆ ಬಣ್ಣ ನೆನಪಿತ್ತು, ಬಚಾವಾದಳು. ಮರುದಿನ ಪೊಟ್ಟಣ ಬದಲಾಯಿತು, ಯಾರಿಗೂ ಏನೂ ಆಗಲಿಲ್ಲ. ಗಾರೆಯವನು ನಕ್ಕು ಮರೆತ. ಚುಕ್ಕಿಯಕ್ಕನಿಗೆ ಮಾತ್ರ ಅನ್ನ ಇಳಿಯಲಿಲ್ಲ.

"ಆ ಡಬ್ಬಿ ನಂದೇ ಕಣೋ," ಎಂದಳು ಅವನಿಗೆ. "ನಾನೇ ಬರೆದದ್ದು. ಚೆನ್ನಾಗಿದೆ ಅಂತ ಬೇರೆ ಅಂದುಕೊಂಡಿದ್ದೆ."

ಮರುದಿನ ಯಜಮಾನರ ಕೋಣೆಯ ಬಾಗಿಲಿಗೆ ಒರಗಿ ನಿಂತಳು.

"ಅವರ ಅಕ್ಷರನೂ ಯಂತ್ರಕ್ಕೆ ಹಾಕ್ಬೇಕು."

"ಯಾರು ಕೇಳಿದ್ರು?"

"ನಾನು."

"ನೀವೇನು ಗಿರಾಕೀನಾ?"

"ಡಬ್ಬಿ ಬರೆದವಳು."

ಯಜಮಾನರು ಕೆಟ್ಟವರಲ್ಲ. ಕೈಬಿಚ್ಚಿ ಕೊಡುವುದನ್ನು ಮಾತಿನಲ್ಲಿ ಮಾತ್ರ ರೂಢಿ ಮಾಡಿಕೊಂಡವರು. ಹೊಸ ಮಾದರಿಯ ಯಂತ್ರ ಆಗ ತಯಾರಾಗುತ್ತಿತ್ತು. ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ಒಮ್ಮೆ ಅಕ್ಷರ ತುಂಬಿದರೆ ಮುಗಿಯಿತು, ವರ್ಷಗಟ್ಟಲೆ ಅದನ್ನೇ ಮುದ್ರಿಸಬೇಕು. "ಅದಕ್ಕೆ ಮುಂಚೆ ನಿಮ್ಮ ಬಿಡುವಿನಲ್ಲಿ ಬರೆದ್ರೆ ಹಾಕೋಣ," ಎಂದರು. "ಆದ್ರೆ ಲೇಬಲ್ ಒಂದು ಕೂದಲೂ ದೊಡ್ಡದಾಗಬಾರದು. ನಮ್ಮ ಅಕ್ಷರಕ್ಕೆ ಕೈ ಹಚ್ಚಬಾರದು."

ಬಿಡುವು ಎಂದರೆ ಸಂಜೆ, ದರ್ಜಿಯ ಕತ್ತರಿಸುವ ಮೇಜು. ಒಂದು ತುದಿಯಲ್ಲಿ ಗಂಡ ಬಟ್ಟೆ ಕತ್ತರಿಸುತ್ತಿದ್ದ, ಇನ್ನೊಂದು ತುದಿಯಲ್ಲಿ ಆಕೆ ಚೌಕುಳಿ ಕಾಗದ ತುಂಬುತ್ತಿದ್ದಳು. ಎದುರಿಗೆ ಮುದುಕಿ. ಮಗ ನಡುವೆ ನಿಂತು ಎರಡು ಕಡೆಗೂ ಮಾತು ಸಾಗಿಸುತ್ತಿದ್ದ.

"ಈ ಅಕ್ಷರಕ್ಕೆ ಹಲ್ಲುನೋವಾ ಅಂತ ಕೇಳ್ತಿದ್ದಾಳೆ ಅಮ್ಮ."

"ಯಾಕಂತೆ?"

"ಕೆನ್ನೆ ಊದಿದೆಯಂತೆ."

ಚುಕ್ಕಿಯಕ್ಕ ಎರಡು ಚುಕ್ಕಿ ಅಳಿಸಿ ಕಾಗದ ತಿರುಗಿಸಿದಳು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, ಉದ್ದಕ್ಕೆ ಏನೋ ಹೇಳಿದಳು.

"ಏನು?"

"ಬೇಡ ಬಿಡಿ ಅಕ್ಕಾ."

"ಹೇಳೋ."

"ಈಗ ಉಪವಾಸ ಬಿದ್ದ ಹಾಗಿದೆಯಂತೆ. ಮೊದಲಿನದೇ ವಾಸಿಯಂತೆ."

ದರ್ಜಿ ತಲೆ ಎತ್ತದೆ ನಕ್ಕ. ಬೇಸರವಿಲ್ಲದ ಗಿರಾಕಿ ಎಂದರೆ ಮುದುಕಿಯೇ. ಅಕ್ಷರಕ್ಕೆ ಅಕ್ಷರ ಜಗಳ ತೆಗೆದಳು, ಅಕ್ಷರಕ್ಕೆ ಅಕ್ಷರ ಒಪ್ಪಿದಳು.

ಗಂಟು ಬಿದ್ದದ್ದು ತಲೆಯಲ್ಲಿ. ಆ ಲಿಪಿಯ ಎಷ್ಟೋ ಅಕ್ಷರಗಳ ತಲೆಯ ಮೇಲೆ ಒಂದು ಚುಕ್ಕಿಯೋ ಕೊಕ್ಕೆಯೋ ಟೋಪಿಯೋ ಇರುತ್ತದೆ. ಹದಿನಾರು ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ. ಒತ್ತಿ ಕೂರಿಸಿದರೆ ಅಕ್ಷರದ ಹೊಟ್ಟೆ ಮುಚ್ಚಿ ಮಸಿಯ ಮುದ್ದೆಯಾಗುತ್ತದೆ. ಟೋಪಿ ಇಲ್ಲದೆ ಅವಳ ಹೆಸರು ಬರೆದು ತೋರಿಸಿದಾಗ ಮುದುಕಿ ಕಾಗದವನ್ನು ಹಾಗೇ ಹಿಂದಕ್ಕೆ ತಳ್ಳಿದಳು.

"ಮೇಲಿನದು ತೆಗೆದ್ರೆ ಅದು ಅಮ್ಮ ಅಲ್ವಂತೆ," ಎಂದ ಮಗ. "ಬರಿತಲೆಯಲ್ಲಿ ಇನ್ಯಾರನ್ನೋ ನಿಲ್ಲಿಸಿದ ಹಾಗಿದೆಯಂತೆ. ಅದರ ಬದಲು ಡಬ್ಬಿನೇ ಇರಲಿ ಅಂತಾಳೆ, ಡಬ್ಬಿ ಸುಳ್ಳಾದ್ರೂ ಹೇಳಲ್ಲ."

ಎರಡು ಸಾಲು ಬೇಕಿತ್ತು, ಬರೀ ಎರಡು. ಲೇಬಲ್ಲಿನಲ್ಲಿ ಎರಡೇ ಅಂತಸ್ತು: ಮೇಲೆ ಹೆಸರು, ಕೆಳಗೆ ನಮ್ಮ ಅಕ್ಷರದಲ್ಲಿ ಔಷಧಿಯ ಲೆಕ್ಕ. ಮೇಲಿನವರು ಕತ್ತು ಎತ್ತಬೇಕಾದರೆ ಕೆಳಗಿನವರು ಎರಡು ಸಾಲು ಬಿಟ್ಟುಕೊಡಬೇಕು. ಲೇಬಲ್ ದೊಡ್ಡದಾಗುವಂತಿಲ್ಲ, ನಮ್ಮ ಅಕ್ಷರ ಮುಟ್ಟುವಂತಿಲ್ಲ. ಚುಕ್ಕಿಯಕ್ಕ ಮಹಡಿಯ ಕಡೆ ನೋಡಿದಳು. ತಾಯಿಯನ್ನು ಕರೆದುಕೊಂಡು ಮೇಲೆ ಹೋಗಿದ್ದ ಗಾರೆಯವನು ಎಲ್ಲೋ ತಲೆ ಬಡಿಸಿಕೊಂಡು ಗೊಣಗಿದ ಸದ್ದು ಕೇಳಿಸಿತು.

"ನಮ್ಮದನ್ನೇ ಕತ್ತರಿಸ್ತೀನಿ," ಎಂದಳು ಗಂಡನಿಗೆ.

"ಎಲ್ಲಿ ಕತ್ತರಿಸ್ತೀಯ?"

"ತಲೆ ತೆಗೆದ್ರೆ ಗುರುತು ಸಿಗಲ್ಲ. ಕಾಲು ತೆಗೆದ್ರೆ ಕುಂಟುತ್ತೆ."

ದರ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದ. "ಅಂಚಿಗೆ ಕಸೂತಿ ಇದ್ದ ಲಂಗ ಉದ್ದ ಆಯ್ತು ಅಂದ್ರೆ ನಾನು ಅಂಚು ಕತ್ತರಿಸಲ್ಲ ಕಣೇ. ಸೊಂಟದಲ್ಲಿ ಎತ್ತಿ ಹಿಡೀತೀನಿ. ನೋಡೋರು ಅಂಚು ನೋಡ್ತಾರೆ. ಸೊಂಟ ನೋಡೋರು ಲಂಗ ನೋಡಲ್ಲ."

"ಮಾತು ನೋಡು," ಎಂದಳು ಆಕೆ. ಆದರೆ ಅದನ್ನೇ ಮಾಡಿದಳು. ಒಂದೊಂದು ಅಕ್ಷರದ ನಡುವಿನಲ್ಲಿ, ಮೇಲಿನ ಸಾಲೂ ಕೆಳಗಿನ ಸಾಲೂ ಒಂದೇ ಥರ ಇದ್ದ ಜಾಗ ಹುಡುಕಿ, ಎರಡು ಸಾಲು ಎತ್ತಿ ತೆಗೆದಳು. ತಲೆ ತಲೆಯಾಗಿಯೇ ಉಳಿಯಿತು, ಕಾಲು ಕಾಲಾಗಿಯೇ ಉಳಿಯಿತು.

ಆಮೇಲೆ ಆಕೆ ಮಾಡಿದ ಕೆಲಸಕ್ಕೆ ಬೇರೆ ಕಂಪನಿಯಲ್ಲಾಗಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು. ಅಕ್ಷರ ಬದಲಾಯಿಸಿ ನೋಡಲೆಂದೇ ಇದ್ದ ಕಚೇರಿಯ ಸ್ವಂತ ಯಂತ್ರಕ್ಕೆ, ಯಾರಿಗೂ ಹೇಳದೆ, ಈ ಹೊಸ ಅಕ್ಷರಗಳನ್ನು ತುಂಬಿಬಿಟ್ಟಳು. ಅಂದಿನಿಂದ ಕಚೇರಿಯ ಪಾರ್ಸೆಲ್ಲು, ಕಡತ, ಕಪಾಟು, ಯಜಮಾನರ ಊಟದ ಡಬ್ಬಿ, ಎಲ್ಲದರ ಮೇಲೂ ಸೊಂಟ ಕತ್ತರಿಸಿದ ಅಕ್ಷರವೇ. ಒಂದು ದಿನ ಯಜಮಾನರು ತಮ್ಮ ಡಬ್ಬಿಯ ಚೀಟಿ ಸವರಿ, "ಇತ್ತೀಚೆಗೆ ಪ್ರಿಂಟು ಚೊಕ್ಕವಾಗಿ ಬರ್ತಿದೆ. ಪೇಪರ್ ರೋಲ್ ಬದಲಾಯಿಸಿದ್ರಾ?" ಎಂದರು.

"ಸ್ವಲ್ಪ ಬದಲಾಯಿಸಿದೀವಿ," ಎಂದಳು ಚುಕ್ಕಿಯಕ್ಕ.

ಚಿಪ್ಪಿಗೆ ಅಕ್ಷರ ತುಂಬುವ ಮುಂಚೆ ಕೊನೆಯ ಮಾತುಕತೆಗೆ ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ಳುವ ಹೆಂಗಸು ಬಂದರು. ಯಂತ್ರ ಮಾರುವವನು ಅಂತ ನಾನೂ ಮೂಲೆಯಲ್ಲಿ ಕುಳಿತಿದ್ದೆ. ಚುಕ್ಕಿಯಕ್ಕ ತನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಎರಡು ಸಾಲಿನ ವಿಷಯ ಹೇಳಿದಳು. ಯಜಮಾನರ ಮುಖ ಕೆಂಪೇರಿತು.

"ನಮ್ಮ ಅಕ್ಷರ ಕುಳ್ಳು ಮಾಡಿ ಊರಿಗೆ ಬಂದೋರಿಗೆಲ್ಲ ಟೋಪಿ ಕೊಡಿಸೋದಾ? ಜನ ಕ್ಯಾಕರಿಸಿ ಉಗೀತಾರೆ. ಹುಟ್ಟಿದಾಗಿಂದ ಓದಿದ ಅಕ್ಷರ ರೀ. ಒಂದು ಚುಕ್ಕಿ ಆಚೀಚೆ ಆದ್ರೂ ನನ್ನ ಕಣ್ಣಿಗೆ ಹೊಡೆಯುತ್ತೆ."

"ಹೊಡೀತಾ?" ಎಂದಳು ಆಕೆ. ಅವರ ಊಟದ ಡಬ್ಬಿಯನ್ನು ಕಿಟಕಿಯಿಂದ ಎತ್ತಿ ಅವರ ಮುಂದಿಟ್ಟಳು. "ಕತ್ತರಿಸಿದ್ದು ಇದೇ. ಕಚೇರಿ ತುಂಬ ಇದೇ ಇದೆ. ನಿಮ್ಮ ಬೆನ್ನ ಹಿಂದಿನ ಕಪಾಟಿನ ಮೇಲೂ ಇದೆ."

ಯಜಮಾನರು ಡಬ್ಬಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ತೆಗೆದು ಹಿಡಿದರು. ಅಳತೆಪಟ್ಟಿ ತರಿಸಿದರು. ಅಳತೆಪಟ್ಟಿ ಚುಕ್ಕಿಯಕ್ಕನ ಪರ ಸಾಕ್ಷಿ ಹೇಳಿತು.

"ನನ್ನ ಕಣ್ಣಿಗೆ ಮಣ್ಣೆರಚಿದ್ರಿ."

"ಮಣ್ಣಲ್ಲ, ಅಕ್ಷರ. ದಿನಾ ಓದ್ತಾನೇ ಇದ್ರಲ್ಲ."

"ನನ್ನ ಕೇಳದೆ ಮಾಡಿದ್ದು ತಪ್ಪು."

"ಕೇಳಿದ್ರೆ ಬೇಡ ಅಂತಿದ್ರಿ. ತಪ್ಪೇ ಇರಲಿ. ವಾಪಸು ಮಾತ್ರ ಹಾಕಲ್ಲ."

"ಹಳೇದು ಹಾಕಿ. ಇಲ್ಲ, ನಾಳೆಯಿಂದ ಬರಬೇಡಿ."

"ಹಳೇದು ಹಳೇ ಯಂತ್ರದಲ್ಲಿದೆ. ಯಾರ ಕೈಲಾದ್ರೂ ತುಂಬಿಸ್ಕೊಳ್ಳಿ. ಆದ್ರೆ ಆ ಖಾಲಿ ಡಬ್ಬಿ ನಂದು. ಅದರಿಂದ ಒಬ್ಬರ ಔಷಧಿ ಇನ್ನೊಬ್ಬರ ಕೈಗೆ ಹೋದ್ರೆ, ಬರೆದವಳು ನಾನು ಅಂತ ಆಸ್ಪತ್ರೆ ಬಾಗಿಲಲ್ಲಿ ನಿಂತು ನಾನೇ ಹೇಳ್ತೀನಿ. ಹಾಕಿಸಿದವರು ಯಾರು ಅಂತಾನೂ ಹೇಳ್ತೀನಿ."

ಹೀಗೆಂದು ಆಕೆ ಕನ್ನಡಕದ ಡಬ್ಬಿ, ಪೆನ್ಸಿಲು, ರಬ್ಬರು, ತಿಂಡಿಯ ಬುತ್ತಿ ಎಲ್ಲವನ್ನೂ ಚೀಲಕ್ಕೆ ತುಂಬತೊಡಗಿದಳು. ದರ್ಜಿಯೊಬ್ಬನ ದುಡಿಮೆಯಲ್ಲಿ ಮನೆ ಸಾಗುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು; ಈ ವಯಸ್ಸಿನಲ್ಲಿ ಜಿಂಕೆ ಬರೆಯುವ ಗಿರಣಿ ಇನ್ನೊಂದು ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಆದರೂ ತುಂಬಿದಳು, ಒಂದು ಪೆನ್ಸಿಲನ್ನೂ ಬಿಡಲಿಲ್ಲ.

ಆಗ ಉಗ್ರಾಣದ ಹೆಂಗಸು ಬಾಯಿ ತೆರೆದರು. "ಹಳೇದು ನಮ್ಮಲ್ಲಿ ಇದೆಯಲ್ಲ ಸ್ವಾಮಿ. ಅದನ್ನೇ ಮುದ್ರಿಸೋಕೆ ಹೊಸ ಯಂತ್ರ ಯಾಕೆ ತಗೊಳ್ಳಲಿ? ಪೊಟ್ಟಣ ಬದಲಾಯ್ತು ಅಂತ ದಿನಾ ಕಿಟಕಿಯಲ್ಲಿ ಬೈಸಿಕೊಳ್ಳೋರು ನಾವು."

ವ್ಯಾಪಾರಸ್ಥನ ಆತ್ಮಸಾಕ್ಷಿ ಎಲ್ಲಿರುತ್ತದೆ ಎಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ಅದು ಗಿರಾಕಿಯ ಬಾಯಲ್ಲಿರುತ್ತದೆ. ಯಜಮಾನರು ಊಟದ ಡಬ್ಬಿಯನ್ನು ಒಮ್ಮೆ ತಿರುಗಿಸಿದರು.

"ಕೂತ್ಕೊಳ್ಳಿ ಅಕ್ಕಾ," ಎಂದರು. ಅಕ್ಕ ಎಂದದ್ದು ಅದೇ ಮೊದಲು.

ಆಕೆ ಕೂರಲಿಲ್ಲ. "ಇನ್ನೊಂದಿದೆ," ಎಂದಳು.

"ಇನ್ನೂ ಏನು?"

"ಖಾಲಿ ಡಬ್ಬಿ. ಅದನ್ನ ತೆಗೆದುಹಾಕ್ತೀನಿ."

"ಮತ್ತೆ ಗೊತ್ತಿಲ್ಲದ ಅಕ್ಷರ ಬಂದ್ರೆ? ಪ್ರಪಂಚದ ಲಿಪಿ ಎಲ್ಲ ಬರೀತೀರಾ?"

"ನನ್ನ ಆಯಸ್ಸಿಗೆ ಆಗಲ್ಲ. ಆದ್ರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರುತ್ತಲ್ಲ. ಡಬ್ಬಿಯೊಳಗೆ ಸಣ್ಣದಾಗಿ ಆ ನಂಬರ್ ಮುದ್ರಿಸೋಣ."

"ಅದನ್ನ ಯಾರು ಓದ್ತಾರೆ ರೀ?"

"ಓದೋದು ಬೇಡ. ಈ ಪೊಟ್ಟಣ ಬೇರೆ, ಆ ಪೊಟ್ಟಣ ಬೇರೆ ಅಂತ ಕಂಡ್ರೆ ಸಾಕು. ನಮಗೆ ಗೊತ್ತಿಲ್ಲ ಅಂದ ಮಾತ್ರಕ್ಕೆ ಅವರೆಲ್ಲ ಒಂದೇ ಥರ ಇರ್ತಾರಾ?"

ಚಿಪ್ಪಿಗೆ ಆಕೆ ಹೇಳಿದ್ದನ್ನೇ ತುಂಬಿದರು. ನಮ್ಮ ಅಕ್ಷರ ಎರಡು ಸಾಲು ಕುಳ್ಳಾದದ್ದಕ್ಕೆ ಊರಿನಲ್ಲಿ ಯಾರೂ ಉಗಿಯಲಿಲ್ಲ, ಯಾರಿಗೂ ಗೊತ್ತೇ ಆಗಲಿಲ್ಲ. ಯಜಮಾನರು "ಹೊಸ ನೋಟದ ಚೊಕ್ಕ ಅಕ್ಷರ" ಎಂದು ಜಾಹೀರಾತು ಕೊಟ್ಟು, ಆಲೋಚನೆ ತಮ್ಮದೇ ಎಂಬಂತೆ ಓಡಾಡಿದರು. ಚುಕ್ಕಿಯಕ್ಕ ಅದನ್ನು ಓದಿ ಆಕಳಿಸಿದಳು.

ಮುದುಕಿಯ ಪೊಟ್ಟಣ ಈ ಸಲ ಹೆಸರು ಹೊತ್ತು ಬಂತು. ಮಹಡಿಯಿಂದ ಇಳಿದು ಬಂದ ಮಗ ಅದನ್ನು ಕತ್ತರಿಸುವ ಮೇಜಿನ ಮೇಲಿಟ್ಟ. ತಾಯಿ ಹಿಂದೆಯೇ ಇಳಿದಳು. ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತ, ಕೊನೆಗೆ ಟೋಪಿಯ ಮೇಲೆ ಬೆರಳು ನಿಲ್ಲಿಸಿದಳು. ಏನೋ ಅಂದಳು.

"ಏನಂತೆ?" ಚುಕ್ಕಿಯಕ್ಕ ಕನ್ನಡಕ ಮೇಲೇರಿಸಿದಳು.

"ಕೆನ್ನೆ ಇನ್ನೂ ಊದಿದೆಯಂತೆ," ಎಂದ ಮಗ. "ಆದ್ರೆ ಇದು ನಾನೇ ಅಂತಾಳೆ."

ಈ ಮಾತನ್ನು ಚುಕ್ಕಿಯಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲವೂ ಕೆನ್ನೆಯ ಭಾಗಕ್ಕೆ ಸಿಟ್ಟು ಮಾಡಿಕೊಳ್ಳುತ್ತಾಳೆ.

ನಾನು ಮಾರುವ ಯಂತ್ರಗಳಲ್ಲಿ ಈಗ ಅರ್ಧದಷ್ಟು ಗಾರೆಯವನ ಜನರ ಅಂಗಡಿಗಳಿಗೆ ಹೋಗುತ್ತವೆ. ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದು ಕೂರಿಸುತ್ತಾರೆ. ಅದು ನನ್ನ ಮಾತಿನ ಚಾಲಾಕಿನಿಂದ ಆದದ್ದು ಎಂದು ಪೇಟೆಯವರು ನಂಬಿದ್ದಾರೆ. ಅಲ್ಲ. ಆ ಬಾಗಿಲುಗಳನ್ನು ನನಗೆ ತೆರೆಸಿಕೊಟ್ಟವಳು ಚುಕ್ಕಿಯಕ್ಕ. ಅಷ್ಟು ಋಣ ಆಕೆಯದು ನನ್ನ ಮೇಲಿದೆ.