ರೇಷನ್ ಕಾರ್ಡಿನಲ್ಲಿ ಇಲ್ಲದ ಹುಡುಗಿ

೧೯೮೪ರಲ್ಲಿ ನಾನು ಕಂಪ್ಲಿಯಲ್ಲಿ ಆರೋಗ್ಯ ಸಹಾಯಕಿ. ಕಫದಲ್ಲಿ ಕ್ಷಯದ ಕ್ರಿಮಿ ಕಂಡವರ ಮನೆಗೆ ಹೋಗಿ, ಅಲ್ಲಿನ ಸಣ್ಣ ಮಕ್ಕಳ ಪಟ್ಟಿ ಮಾಡಬೇಕು. ಡಾಕ್ಟರು ಪರೀಕ್ಷಿಸಿದ ಮೇಲೆ, ರೋಗ ಬಾರದ ಹಾಗೆ ಆ ಮಕ್ಕಳಿಗೆ ಆರು ತಿಂಗಳು ಐಸೋನಿಯಾಜಿಡ್ ಮಾತ್ರೆ ನುಂಗಿಸಬೇಕು. ಪಟ್ಟಿ ಮಾಡುವುದರಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲವೆಂಬ ಜಂಬ ನನಗಿತ್ತು. ಬಾಗಿಲಲ್ಲೇ ನಿಂತು ರೇಷನ್ ಕಾರ್ಡ್ ತರಿಸಿ ಹೆಸರು ಬರೆದುಕೊಂಡರೆ ಹತ್ತು ನಿಮಿಷದ ಕೆಲಸ.

ಕಫದಲ್ಲಿ ಕ್ರಿಮಿ ಕಂಡಿದ್ದ, ಅಕ್ಕಿ ಗಿರಣಿಯ ಹಮಾಲ ಬಸಣ್ಣಜ್ಜನ ಮನೆಯಲ್ಲೂ ಹಾಗೇ ಮಾಡಿದೆ. ಕಾರ್ಡಿನಲ್ಲಿ ಮಗನ ಮಕ್ಕಳಿಬ್ಬರ ಹೆಸರಿತ್ತು. ಇಬ್ಬರಿಗೂ ಮಾತ್ರೆ ಶುರುವಾಯಿತು.

ಮೂರನೆಯ ತಿಂಗಳು ಮಾತ್ರೆ ಕೊಡಲು ಹೋದಾಗ ಒಳಗೆ ಮಗು ನರಳುವುದು ಕೇಳಿಸಿತು. ನಾಲ್ಕು ವರ್ಷದ ಗಂಗಿ. ಎಂಟು ದಿನದಿಂದ ಜ್ವರ, ವಾಂತಿ. ತಲೆ ಎತ್ತಲು ಹೋದರೆ ಕುತ್ತಿಗೆ ಕಟ್ಟಿಗೆಯಂತೆ ಸೆಟೆದಿತ್ತು. ಈ ಹುಡುಗಿ ಯಾರು ಎಂದು ಗದರಿದೆ.

"ಅಕಿ ನಮ್ಮ ಮನ್ಯಾಕಿ ಅಲ್ರಿ ನರ್ಸಮ್ಮಾ, ಚೋರನೂರಾಕಿ," ಅಂದ ಅಜ್ಜ.

ಮಗಳು ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ಕೂಸನ್ನು ಎತ್ತಿಕೊಂಡು ಗಂಡನ ಊರು ಚೋರನೂರಿಗೆ ಹೋಗುವಾಗ ದೊಡ್ಡವಳನ್ನು ಇಲ್ಲೇ ಬಿಟ್ಟಿದ್ದಳು. ಗಂಗಿ ಮಲಗುತ್ತಿದ್ದದ್ದು ಅಜ್ಜನ ಮಗ್ಗುಲಲ್ಲಿ. ನಾನು ಕೇಳಿದ್ದು ಕಾರ್ಡು, ಅವರು ತೋರಿಸಿದ್ದೂ ಕಾರ್ಡು.

ಬಸ್ಸಿನಲ್ಲಿ ಬಳ್ಳಾರಿಯವರೆಗೂ ಮಗು ನನ್ನ ತೊಡೆಯ ಮೇಲಿತ್ತು. ಕ್ಷಯ ಮಿದುಳಿನ ಪೊರೆಗೆ ಏರಿದೆ ಎಂದರು ಡಾಕ್ಟರು. ಕಣ್ಣು ಹೋಗಲಿ, ಕಿವಿ ಹೋಗಲಿ, ಜೀವ ಒಂದು ಉಳಿಯಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಹನ್ನೆರಡನೆಯ ದಿನ ಗಂಗಿ ಹೋದಳು.

ಮರುವಾರ ಪಟ್ಟಿ ತೆಗೆದಾಗ ನೆನಪಾಯಿತು. ತಾಯಿ ಎತ್ತಿಕೊಂಡು ಹೋದ ಆ ಕೂಸು? ಅಜ್ಜ ಕೆಮ್ಮುತ್ತಿದ್ದ ಮನೆಯಲ್ಲೇ ಅದು ಮೂರು ತಿಂಗಳು ಇತ್ತಲ್ಲ! ಚೋರನೂರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿನವರಿಗೆ ಕಾಗದ ಬರೆಯಿರಿ ಎಂದರು ಮೇಲಧಿಕಾರಿ. ಕಾಗದ ನೀವೇ ಬರ್ಕೊಳ್ರಿ ಎಂದು ರಜೆ ಚೀಟಿ ಅವರ ಮೇಜಿನ ಮೇಲಿಟ್ಟು, ಸಂಡೂರು ದಾಟಿ ಹೋದೆ.

ಗಂಗಿಯ ತಾಯಿ ಕೂಸಿಗೆ ಹಾಲು ಕುಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಗಂಗಿ ಇದ್ದಾಗ ಯಾಕ ಕೇಳ್ಲಿಲ್ರಿ?"

"ತಪ್ಪು ನಂದವ್ವಾ," ಅಂದೆ.

ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಜೊತೆ ಸಂಡೂರಿನ ಆಸ್ಪತ್ರೆಗೆ ಹೊರಟಳು. ಕೂಸಿಗೆ ರೋಗ ಇರಲಿಲ್ಲ. ಆರು ತಿಂಗಳು ಮಾತ್ರೆ ಅರೆದು ಎದೆಹಾಲಿನಲ್ಲಿ ಕುಡಿಸಿದಳು, ಒಂದು ದಿನವೂ ತಪ್ಪಿಸಲಿಲ್ಲ. ಅದು ಬದುಕಿತು.

ಆಮೇಲೆ ನಿವೃತ್ತಿಯವರೆಗೆ ನಾನು ಯಾರ ಕಾರ್ಡನ್ನೂ ಕೇಳಲಿಲ್ಲ. ಒಳಗೆ ಹೋಗಿ ಕೂತು, ಕೆಮ್ಮುವವರ ಮಗ್ಗುಲಲ್ಲಿ ಯಾರು ಮಲಗುತ್ತಾರೆ, ಯಾರು ಬಂದು ಹೋದರು ಎಂದು ಕೇಳುತ್ತಿದ್ದೆ. ಮನೆಯಲ್ಲಿ ಎಷ್ಟು ಜನ ಮಲಗುತ್ತಾರೆಂದು ತಿಳಿಯಲು ಮಡಚಿಟ್ಟ ಕೌದಿಗಳನ್ನು ಎಣಿಸಿದರೆ ಸಾಲದೇ ಎಂದು ಹೊಸದಾಗಿ ಬಂದ ಸಹಾಯಕಿಯೊಬ್ಬಳು ಒಮ್ಮೆ ಕೇಳಿದಳು. ಸಾಲದು ಎಂದೆ. ಗಂಗಿಗೆ ಬೇರೆ ಕೌದಿ ಇರಲಿಲ್ಲ, ಅಜ್ಜನದ್ದನ್ನೇ ಹೊದೆಯುತ್ತಿದ್ದಳು.